ನಲವತ್ತೆಂಟನೇ ಗಂಟೆಯ ಎಣಿಕೆ

ಫೆಬ್ರವರಿ 13, 2025, ಗುರುವಾರ

ಮಧ್ಯಾಹ್ನ ಮೂರೂವರೆಗೆ ಡ್ಯಾಫ್ನಿಯಾ ಟೆಸ್ಟ್ ಮುಗಿಯಿತು. ಮಂಗಳವಾರ ಇದೇ ಹೊತ್ತಿಗೆ ರಾಸಾಯನಿಕ ಬೆರೆಸಿದ ನೀರಿಗೆ ಡ್ಯಾಫ್ನಿಯಾ ಮರಿಗಳನ್ನು ಬಿಟ್ಟಿದ್ದೆವು. ಈ ಸಲದ್ದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ ಬಳಸುವ, ಸೋಪಿನ ಗುಣದ ಒಂದು ರಾಸಾಯನಿಕ. ಅದರ ಹೆಸರನ್ನು ಇಲ್ಲಿ ಬರೆಯುವಂತಿಲ್ಲ.

ಡ್ಯಾಫ್ನಿಯಾ ಮ್ಯಾಗ್ನಾ ಸಿಹಿನೀರಿನ ಪ್ರಾಣಿ. ಬೆನ್ನೆಲುಬಿಲ್ಲ. ಸಿಗಡಿ, ಏಡಿಗಳ ದೂರದ ನೆಂಟ. ನೀರಿನ ಪಾಚಿಯನ್ನು ಇದು ತಿನ್ನುತ್ತದೆ, ಇದನ್ನು ಮೀನುಮರಿಗಳು ತಿನ್ನುತ್ತವೆ. ನಡುವಿನ ಈ ಕೊಂಡಿ ಕಳಚಿದರೆ ಪಾಚಿ ಜಾಸ್ತಿಯಾಗುತ್ತದೆ, ಮೀನಿಗೆ ಊಟ ಸಿಗುವುದಿಲ್ಲ. ಅದಕ್ಕೇ ಹೊಸ ರಾಸಾಯನಿಕ ಮಾರುಕಟ್ಟೆಗೆ ಹೋಗುವ ಮೊದಲು ಇದರ ಮೇಲೆ ಪರೀಕ್ಷೆ ನಡೆಯುತ್ತದೆ. ನಾವು ಅನುಸರಿಸುವುದು ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 202ನೇ ವಿಧಾನ.

ಟೆಸ್ಟಿಗೆ ಬಿಡುವ ಮರಿಗೆ 24 ಗಂಟೆ ತುಂಬಿರಬಾರದು. ರಾಗಿ ಕಾಳಿಗಿಂತ ಸಣ್ಣದು. ಹಿಂದಿನ ಸಂಜೆಯೇ ಮರಿ ಹೊತ್ತ ತಾಯಿಗಳನ್ನು ಬೇರೆ ಮಾಡಿಟ್ಟರೆ ಬೆಳಿಗ್ಗೆ ಸಿಗುವ ಮರಿಗಳ ವಯಸ್ಸಿನ ಬಗ್ಗೆ ಅನುಮಾನವೇ ಇರುವುದಿಲ್ಲ. ಅಗಲ ಬಾಯಿಯ ಪಿಪೆಟ್‌ನಲ್ಲಿ ಎತ್ತಿ, ತುದಿಯನ್ನು ನೀರಿನೊಳಗೆ ಮುಳುಗಿಸಿಯೇ ಬಿಡಬೇಕು. ಮೇಲಿಂದ ಬಿಟ್ಟರೆ ಚಿಪ್ಪಿನೊಳಗೆ ಗಾಳಿ ಸೇರಿ ಮರಿ ಮೇಲೇ ತೇಲುತ್ತದೆ. ಆಮೇಲೆ ಅದು ಈಜು ನಿಲ್ಲಿಸಿದ್ದು ರಾಸಾಯನಿಕದಿಂದಲೋ ಗಾಳಿಯಿಂದಲೋ ಹೇಳುವವರು ಯಾರು?

ಲೀಟರಿಗೆ 1, 2, 4, 8, 16 ಮಿಲಿಗ್ರಾಂ ಹೀಗೆ ಐದು ಪ್ರಮಾಣ, ಜೊತೆಗೆ ರಾಸಾಯನಿಕವೇ ಇಲ್ಲದ ಕಂಟ್ರೋಲ್. ಪ್ರತಿಯೊಂದಕ್ಕೂ 20 ಮರಿ, ನಾಲ್ಕು ಬೀಕರಿಗೆ ಐದೈದು. ಎರಡು ದಿನ ಊಟ ಇಲ್ಲ, ಗಾಳಿ ಊದುವುದೂ ಇಲ್ಲ. ಕಂಟ್ರೋಲ್‌ನಲ್ಲಿ ಎರಡಕ್ಕಿಂತ ಹೆಚ್ಚು ಮರಿ ನಿಂತುಹೋದರೆ ಇಡೀ ಟೆಸ್ಟೇ ಹೋಯಿತು. ಇವತ್ತು ಇಪ್ಪತ್ತೂ ಚೆನ್ನಾಗಿ ಈಜುತ್ತಿದ್ದವು.

ಕಷ್ಟ ಬಂದದ್ದು 8 ಮಿಲಿಗ್ರಾಂನ ಎರಡನೇ ಬೀಕರಿನಲ್ಲಿ. ಮೂರು ಮರಿ ತಳದಲ್ಲಿ ಬಿದ್ದಿದ್ದವು, ಒಂದು ಈಜುತ್ತಿತ್ತು. ಐದನೆಯದು ಮಗ್ಗುಲಾಗಿ ಮಲಗಿ ಮೀಸೆಯಂಥ ಆಂಟೆನಾ ಮಾತ್ರ ಆಡಿಸುತ್ತಿತ್ತು. ಹೊಸದಾಗಿ ಸೇರಿದ ಹುಡುಗಿ ಲೆನ್ಸ್ ಹಿಡಿದು ನೋಡಿದಳು. "ಮೇಡಂ, ಹಾರ್ಟ್ ಹೊಡ್ಕೊಳ್ತಾ ಇದೆ. ಬದುಕಿದೆ ಅಲ್ವಾ?" ಹೌದು, ಡ್ಯಾಫ್ನಿಯಾದ ಮೈ ಗಾಜಿನಷ್ಟು ತಿಳಿ, ಬೆನ್ನಿನ ಹತ್ತಿರ ಮಿಡಿಯುವ ಹೃದಯ ಹೊರಗಿಂದಲೇ ಕಾಣುತ್ತದೆ. ಆದರೆ ನಿಯಮ ಕೇಳುವುದು ಬೇರೆ ಪ್ರಶ್ನೆ. ಬೀಕರನ್ನು ಮೆಲ್ಲಗೆ ಅಲುಗಿಸಿದ ಮೇಲೆ 15 ಸೆಕೆಂಡಿನೊಳಗೆ ಈಜಿತಾ? ಆಂಟೆನಾ ಆಡಿದರೂ ಸರಿ, ಈಜದಿದ್ದರೆ ನಿಂತುಹೋದ ಲೆಕ್ಕಕ್ಕೇ ಸೇರಬೇಕು. ಇಬ್ಬರೂ ಗಡಿಯಾರ ನೋಡಿದೆವು. ಅದು ಜಾಗ ಬಿಟ್ಟು ಏಳಲಿಲ್ಲ. "ನಾಲ್ಕು" ಅಂತ ಬರೆಸಿದೆ.

ನನಗೆ ಈ ನಿಯಮ ಸರಿ ಅನ್ನಿಸುತ್ತದೆ. ಕೆರೆಯಲ್ಲಿ ಈಜಲಾಗದ ಡ್ಯಾಫ್ನಿಯಾ ಊಟ ಹುಡುಕಲಾರದು, ಮೀನಿನಿಂದ ತಪ್ಪಿಸಿಕೊಳ್ಳಲಾರದು. ಹೃದಯ ಮಿಡಿಯುತ್ತಿದ್ದರೂ ಅದರ ಕಥೆ ಮುಗಿದಂತೆಯೇ.

4 ಮಿಲಿಗ್ರಾಂನಲ್ಲಿ ಅರ್ಧಕ್ಕಿಂತ ಕಡಿಮೆ ನಿಂತಿವೆ, 8ರಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು. ಅಂದರೆ ಇಸಿ50, ಅರ್ಧದಷ್ಟು ಮರಿಗಳನ್ನು ನಿಲ್ಲಿಸುವ ಪ್ರಮಾಣ, ಇವೆರಡರ ನಡುವೆ ಎಲ್ಲೋ ಬರುತ್ತದೆ. ರಾಸಾಯನಿಕಗಳ ಅಪಾಯದ ವಿಂಗಡಣೆಯಲ್ಲಿ ಇದು 1ರಿಂದ 10ರ ಒಳಗೆ ಬಿದ್ದರೆ ಜಲಜೀವಿಗಳಿಗೆ ವಿಷಕಾರಿ ಎಂಬ ಎರಡನೇ ವರ್ಗ. 1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮೊದಲನೇ ವರ್ಗ, ಅತಿ ವಿಷಕಾರಿ.

ಸಂಜೆ ಟೆಸ್ಟ್ ಮಾಡಿಸಿದವರ ಫೋನ್ ಬಂತು. "ಹಾಗಾದ್ರೆ ಲೀಟರಿಗೆ 4 ಮಿಲಿಗ್ರಾಂವರೆಗೆ ಮೋರಿಗೆ ಬಿಟ್ರೆ ತೊಂದ್ರೆ ಇಲ್ಲ ಅಂತಾಯ್ತಲ್ಲ ಮೇಡಂ?" ಇದೇ ಪ್ರಶ್ನೆ ಎಷ್ಟು ಜನರಿಂದ ಕೇಳಿದ್ದೇನೋ! ಪ್ರತಿ ಸಲವೂ ಎದೆ ಧಸಕ್ ಅನ್ನುತ್ತದೆ. 4 ಮಿಲಿಗ್ರಾಂನಲ್ಲೇ ಒಂದಷ್ಟು ಮರಿ ನಿಂತಿವೆ. ಇಸಿ50 ಅಂದರೆ ಅರ್ಧ ಹಿಂಡು ನೆಲ ಕಚ್ಚಿದ ಜಾಗ. ಅದರ ಹತ್ತಿರದ ಅಂಕಿಯನ್ನು ಸುರಕ್ಷಿತ ಮಿತಿ ಅಂತ ಓದುವುದು ಹೇಗೆ? ಅದೂ ಬರೀ ಎರಡು ದಿನದ ಲೆಕ್ಕ. 21 ದಿನದ ಟೆಸ್ಟ್ ಬೇರೆಯೇ ಇದೆ. ಅದರಲ್ಲಿ ತಾಯಿ ಬದುಕಿದೆಯಾ ಅನ್ನುವುದರ ಜೊತೆಗೆ ಎಷ್ಟು ಮರಿ ಹಾಕಿತು ಅಂತಲೂ ಎಣಿಸುತ್ತೇವೆ. ಎರಡು ದಿನ ಆರಾಮಾಗಿ ಈಜಿದ ಪ್ರಮಾಣದಲ್ಲೇ ಮರಿ ಹಾಕುವುದು ಕುಸಿಯಬಹುದು. ಇಷ್ಟನ್ನೂ ಅವರಿಗೆ ಬಿಡಿಸಿ ಹೇಳಿದೆ. ಹತ್ತು ನಿಮಿಷವಾದರೂ ಹಿಡಿಯಿತು, ಹಿಡಿಯಲಿ.

ನೀರು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ತಾಮ್ರದಂಥ ಲೋಹಗಳು ಗಡಸು ನೀರಿಗಿಂತ ಮೆದುನೀರಿನಲ್ಲಿ ಹೆಚ್ಚು ವಿಷ. ನಮ್ಮ ಬೀಕರಿನದು ಸಾಕಷ್ಟು ಗಡಸು ನೀರು, ಉಷ್ಣತೆ ಸುಮಾರು 20 ಡಿಗ್ರಿ. ಮಲೆನಾಡಿನ ಹಳ್ಳದ ನೀರು ತುಂಬ ಮೆದು. ಬಯಲುಸೀಮೆಯ ಕೆರೆಯ ನೀರು ಏಪ್ರಿಲ್‌ನಲ್ಲಿ 20 ಡಿಗ್ರಿಗೆ ನಿಲ್ಲುವುದೂ ಇಲ್ಲ. ನಮ್ಮ ಕೆರೆಗಳಲ್ಲಿರುವ ಡ್ಯಾಫ್ನಿಯಾದ ನೆಂಟರಾದ ಮೊಯಿನಾ, ಸೀರಿಯೊಡ್ಯಾಫ್ನಿಯಾಗಳ ಮೇಲೆ ಇನ್ನೂ ಹೆಚ್ಚು ಕೆಲಸ ಆಗಬೇಕು ಅನ್ನುವುದು ಅದಕ್ಕೇ.

ಇನ್ನೊಂದು ಮಾತು ಬಹಳ ದಿನದಿಂದ ಮನಸ್ಸಿನಲ್ಲಿದೆ. ನಮ್ಮ ದೇಶದ ತ್ಯಾಜ್ಯನೀರಿನ ಸಾಮಾನ್ಯ ಮಾನದಂಡದಲ್ಲಿ ಜೀವಪರೀಕ್ಷೆ ಇದೆ: ಏನೂ ಬೆರೆಸದ ತ್ಯಾಜ್ಯನೀರಿನಲ್ಲಿ 96 ಗಂಟೆಯ ನಂತರ ನೂರಕ್ಕೆ 90 ಮೀನು ಬದುಕಿರಬೇಕು. ಒಳ್ಳೆಯದೇ. ಆದರೆ ಮೀನು ತಾಳಿಕೊಳ್ಳುವ ಎಷ್ಟೋ ವಿಷವನ್ನು ಡ್ಯಾಫ್ನಿಯಾ ತಾಳಿಕೊಳ್ಳುವುದಿಲ್ಲ. ಪೊಟ್ಯಾಸಿಯಂ ಡೈಕ್ರೋಮೇಟ್ ಎಂಬ ರಾಸಾಯನಿಕವನ್ನೇ ನೋಡಿ. ನಮ್ಮ ಮರಿಗಳು ಸರಿಯಾಗಿವೆಯಾ ಅಂತ ಆಗಾಗ ಪರೀಕ್ಷಿಸುವುದು ಅದರಿಂದಲೇ. 24 ಗಂಟೆಯ ಇಸಿ50 ಲೀಟರಿಗೆ 0.6ರಿಂದ 2.1 ಮಿಲಿಗ್ರಾಂ ಒಳಗೆ ಬರಬೇಕು. ಮೀನನ್ನು ಕೊಲ್ಲಲು ಅದರ ಎಷ್ಟೋ ಪಟ್ಟು ಬೇಕು. ವೃಷಭಾವತಿಯಂಥ ಹೊಳೆಗೆ ಸೇರುವ ನೀರನ್ನು ಮೀನಿನ ಜೊತೆ ಈ ಪುಟ್ಟ ಜೀವಿಗಳಿಂದಲೂ ಕೇಳಿ ನೋಡಬೇಕು. ಖರ್ಚೂ ಕಡಿಮೆ, ಎರಡೇ ದಿನದ ಕೆಲಸ.

ನಾಳೆ ಅನಾಲಿಟಿಕಲ್ ವಿಭಾಗದಿಂದ ನೀರಿನಲ್ಲಿ ನಿಜವಾಗಿ ಎಷ್ಟು ರಾಸಾಯನಿಕ ಇತ್ತು ಅನ್ನುವ ಅಳತೆ ಬರಬೇಕು. ಸೋಪಿನ ಗುಣದ ವಸ್ತು ಗಾಜಿಗೆ ಅಂಟುತ್ತದೆ, ಬ್ಯಾಕ್ಟೀರಿಯಾ ಕೂಡ ತಿಂದುಹಾಕುತ್ತವೆ. ಹಾಕಿದ್ದಕ್ಕೂ ಸಿಕ್ಕಿದ್ದಕ್ಕೂ 20 ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ, ಸಿಕ್ಕಿದ ಪ್ರಮಾಣವನ್ನೇ ಹಿಡಿದು ಇಸಿ50 ಲೆಕ್ಕ ಹಾಕಬೇಕು.