ಧುಂಡಿಯ ಬಾಗಿದ ಮರಗಳು

ಮಾರ್ಚ್ ಕೊನೆಯ ವಾರ, ಬೆಳಗಿನ ಎಂಟು ಗಂಟೆಗೆ ಹಿಮಾಚಲದ ಮನಾಲಿಯಿಂದ ಸೋಲಾಂಗ್ ಮಾರ್ಗವಾಗಿ, ಅಟಲ್ ಸುರಂಗದ ಬಾಯಿಗೆ ಹತ್ತಿರದ ಧುಂಡಿಗೆ ಹೊರಟೆವು. ಬಿಸಿಲು ಆಗಲೇ ಚುರುಕಾಗಿದ್ದರಿಂದ ಸ್ವೆಟರ್ ಬಿಚ್ಚಿಟ್ಟೆ. ನನಗೆ ಹಿತವೆನಿಸಿದ ಆ ಬಿಸಿಲೇ ಚಾಲಕರಿಗೆ ಚಿಂತೆಯಾಗಿತ್ತು. "ಹನ್ನೊಂದರೊಳಗೆ ಸುರಂಗ ಸೇರಿಬಿಡೋಣ ಸರ್, ಆಮೇಲೆ ಮೇಲಿನ ಹಿಮ ಸಡಿಲವಾಗುತ್ತದೆ" ಎಂದರು.

ಧಾರವಾಡ ಜಿಲ್ಲೆಯವನಾದ ನನಗೆ ಹಿಮಕುಸಿತವೆಂದರೆ ನೆನಪಾಗುವವರು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ 19,600 ಅಡಿ ಎತ್ತರದ ಠಾಣೆಯಲ್ಲಿ ಆರು ದಿನ ಹಿಮದಡಿ ಹೂತಿದ್ದು, ಜೀವಂತವಾಗಿ ಸಿಕ್ಕಿ, ಕೊನೆಗೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡವರು. ಅಂದಿನಿಂದ ಹಿಮಕುಸಿತವನ್ನು ಕಡುಚಳಿಯ ಕೂಸೆಂದೇ ತಿಳಿದಿದ್ದೆ. ಹಿಮ ಬೀಳುವುದಕ್ಕೂ ಜಾರಿ ಬರುವುದಕ್ಕೂ 'ಹಿಮಪಾತ' ಎಂದೇ ಬರೆಯುವ ನಮ್ಮ ಪತ್ರಿಕೆಗಳಿಂದ ಈ ತಿಳಿವಳಿಕೆ ತಿದ್ದಿಕೊಳ್ಳುವಂತೆಯೂ ಇರಲಿಲ್ಲ.

ಧುಂಡಿಯ ಬಳಿ ಕೊರಕಲೊಂದರ ಬಾಯಲ್ಲಿ ಹಳೆಯ ಕುಸಿತದ ರಾಶಿ ಬಿದ್ದಿತ್ತು. ಅದು ಚಿತ್ರಗಳಲ್ಲಿ ಕಾಣುವ ಬೆಳ್ಳನೆಯ ಪುಡಿಯಲ್ಲ. ಮಣ್ಣು, ಕಲ್ಲು, ಮುರಿದ ಕೊಂಬೆಗಳನ್ನು ಕಲಸಿದಂತಿದ್ದ, ಬೂಟಿನಿಂದ ಒದ್ದರೂ ಒಡೆಯದ ಹೆಂಟೆಗಳು. ಕರಗಿದ ನೀರು ಪದರಗಳ ನಡುವೆ ಇಳಿದು ಕಣಗಳ ಬೆಸುಗೆಯನ್ನು ಸಡಿಲಿಸಿದಾಗ, 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಹೇಗೋ ನಿಂತಿದ್ದ ಹಿಮದ ಹಾಸು ತನ್ನ ಭಾರಕ್ಕೇ ಜಾರಿ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಕೆರೆದುಕೊಂಡು ಬರುತ್ತದೆ.

ಅಂಚಿನ ಮರಗಳು ಬುಡದಲ್ಲಿ ಕುಡುಗೋಲಿನಂತೆ ಕಣಿವೆಯತ್ತ ಬಾಗಿ, ಮತ್ತೆ ನೆಟ್ಟಗೆ ಬೆಳೆದಿದ್ದವು. ಬೆಟ್ಟದ ಕಡೆಯ ತೊಗಟೆ ಸುಲಿದಲ್ಲಿ ಗಾಯದ ಸುತ್ತ ಹೊಸ ತೊಗಟೆ ತುಟಿಯಂತೆ ಮಡಚಿಕೊಂಡಿತ್ತು. ಇಂಥ ಪೆಟ್ಟುಗಳು ಕಾಂಡದ ಉಂಗುರಗಳಲ್ಲಿ ಉಳಿಯುತ್ತವೆ. ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು ಹಿಮಾಚಲದ ಮರಗಳ ಉಂಗುರಗಳನ್ನೋದಿ 2018ರಲ್ಲಿ ಪ್ರಕಟಿಸಿದ ಅಧ್ಯಯನವು, ಚಳಿಗಾಲದ ಕೊನೆ ಮತ್ತು ವಸಂತದ ಆರಂಭ ಬೆಚ್ಚಗಾಗುತ್ತ ಬಂದಂತೆ ಕುಸಿತಗಳು ಹೆಚ್ಚಿರುವುದನ್ನು ತೋರಿಸಿದೆ.

ತಾಪಮಾನ ಏರಿದರೆ ಹಿಮವೂ ಅಪಾಯವೂ ಇಳಿಯಬೇಕಲ್ಲವೇ ಎಂಬ ಲೆಕ್ಕ ತಗ್ಗಿನ ಇಳಿಜಾರುಗಳಿಗೆ ಹೊಂದೀತು. ಎತ್ತರದಲ್ಲಿ ಪಶ್ಚಿಮದಿಂದ ಬರುವ ಚಳಿಗಾಲದ ಮಾರುತಗಳು ಸುರಿಯುವ ಹಿಮ ಇನ್ನೂ ರಾಶಿ ರಾಶಿಯಾಗಿಯೇ ಕೂರುತ್ತದೆ. ಅದರ ಮೇಲೆ ಅಕಾಲದ ಬಿಸಿಲೋ ಮಳೆಯೋ ಬಿದ್ದರೆ ಮುಗಿಯಿತು.

2020ರಲ್ಲಿ ತೆರೆದ 9.02 ಕಿ.ಮೀ. ಉದ್ದದ ಅಟಲ್ ಸುರಂಗ ರೋಹ್ತಾಂಗ್ ಹಾದಿಯ ಅಪಾಯವನ್ನೇನೋ ತಪ್ಪಿಸಿದೆ. ಆದರೆ ಸುರಂಗದ ಬಾಯಿಗೆ ಹೋಗುವ ರಸ್ತೆ ಇಂಥ ಕೊರಕಲುಗಳ ಕೆಳಗೇ ಸಾಗುತ್ತದೆ. ಹಿಂದೆ ಚಳಿಗಾಲದಲ್ಲಿ ಜನಸಂಚಾರವೇ ವಿರಳವಾಗಿದ್ದಲ್ಲಿ ಈಗ ಟ್ಯಾಕ್ಸಿಗಳ ಸಾಲು. ಹೆಂಟೆಗಳ ಮೇಲೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ ಕುಟುಂಬವೊಂದರತ್ತ ನಮ್ಮ ಚಾಲಕರು ಎರಡು ಸಲ ಹಾರ್ನ್ ಮಾಡಿ, ಮೇಲಿನ ಇಳಿಜಾರನ್ನು ಕೈಯಿಂದ ತೋರಿಸಿದರು. ಗಂಟೆ ಹತ್ತೂವರೆಯಾಗಿತ್ತು.