ಕಾಲಲ್ಲಿ ಪೆಡಲ್ ಒತ್ತಿದರೆ ಗಿಟಾರ್ ಶ್ರುತಿ ಇಳಿಯುತ್ತಾ?

ಇಳಿಯುತ್ತದೆ. ತಂತಿ ಸಡಿಲ ಆಗುವುದಿಲ್ಲ, ಸ್ಪೀಕರ್‌ನಿಂದ ಬರುವ ಸ್ವರ ಇಳಿಯುತ್ತದೆ. ಎಲ್ಲರೂ ಕೇಳುವ ಪ್ರಶ್ನೆಗೆ ಉತ್ತರ ಇಷ್ಟೇ. ಇದನ್ನು ಸ್ಟೇಜ್ ಇಳಿದು ಕೇಬಲ್ ಸುತ್ತುವಾಗ ಹೇಳಿದ್ದೇನೆ. ಮದುವೆ ಊಟದ ಪಂಕ್ತಿಯಲ್ಲಿ ಎಲೆ ಮುಂದೆ ಕೂತು ಹೇಳಿದ್ದೇನೆ. ಬೆಣ್ಣೆದೋಸೆ ಹೋಟೆಲ್‌ನಲ್ಲಿ ಕೈ ತೊಳೆಯುವಾಗಲೂ ಹೇಳಿದ್ದೇನೆ. ಇನ್ನು ಬಾಯಲ್ಲಿ ಹೇಳುವುದಿಲ್ಲ, ಬರೆದಿಡುತ್ತೇನೆ.

ನಾನು ದಾವಣಗೆರೆಯ ಒಂದು ರಸಮಂಜರಿ ತಂಡದಲ್ಲಿ ಬೇಸ್ ಗಿಟಾರ್, ಅಂದರೆ ತಗ್ಗಿನ ಸ್ವರದ ನಾಲ್ಕು ತಂತಿಯ ಗಿಟಾರ್ ನುಡಿಸುತ್ತೇನೆ. ಗಣಪತಿ ಸೀಸನ್, ರಾಜ್ಯೋತ್ಸವ, ದುಗ್ಗಮ್ಮನ ಜಾತ್ರೆ, ಮಧ್ಯೆ ಮಧ್ಯೆ ಮದುವೆಗಳು. ಕಾಲ ಹತ್ತಿರ ಒಂದು ಪುಟ್ಟ ಪೆಡಲ್ ಇಟ್ಟುಕೊಂಡಿರುತ್ತೇನೆ. ಒತ್ತಿದರೆ ನಾಲ್ಕೂ ತಂತಿಯ ಸ್ವರ ಒಟ್ಟಿಗೆ ಹಾಫ್ ಸ್ಕೇಲ್, ಅಂದರೆ ಒಂದು ಫ್ರೆಟ್ (ಗಿಟಾರ್ ಕುತ್ತಿಗೆಯ ಮೇಲಿನ ಒಂದು ಅಡ್ಡಪಟ್ಟಿ) ಕೆಳಗೆ ಕೇಳುತ್ತದೆ. ಬೇಕಿದ್ದರೆ ಇನ್ನೂ ಕೆಳಗೆ. ಹಾಡಿನ ನಡುವೆಯೇ ಒತ್ತಬಹುದು.

ಕೇಳುವುದು ತಪ್ಪಲ್ಲ. ಕೇಳುವ ರೀತಿ ಇದೆಯಲ್ಲ, ಅದು ಚುಚ್ಚುತ್ತದೆ. "ಹಂಗಾದ್ರೆ ನುಡಿಸೋದು ನೀನಾ, ಆ ಡಬ್ಬಿನಾ?" ಇನ್ನು ಕೆಲವರು ಪ್ರಶ್ನೆಯನ್ನೂ ಕೇಳುವುದಿಲ್ಲ, ನೇರ ತೀರ್ಪೇ ಕೊಡುತ್ತಾರೆ: "ಈಗ ಎಲ್ಲಾ ಎಐ ಬಿಡಪ್ಪ." ಇದಕ್ಕೂ ಎಐಗೂ ಏನೂ ಸಂಬಂಧ ಇಲ್ಲ. ಕಾಲಲ್ಲಿ ಒತ್ತಿ ಸ್ವರ ಏರಿಸಿ ಇಳಿಸುವ ಡಿಜಿಟೆಕ್ ವ್ಯಾಮಿ ಪೆಡಲ್ ಬಂದಿದ್ದು 1989ರಲ್ಲಿ. ನಮ್ಮ ತಂಡದ ಡ್ರಮ್ಮರ್ ಆಗ ಹುಟ್ಟೇ ಇರಲಿಲ್ಲ.

ಒಂದು ಆರತಕ್ಷತೆಯಲ್ಲಿ ಹುಡುಗನ ಸೋದರಮಾವ ಸ್ಟೇಜಿನ ಮೆಟ್ಟಿಲ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದರು. ಗಾಯಕರ ಕಡೆ ಒಂದು ಸಲವೂ ನೋಡಲಿಲ್ಲ. ನೋಡಿದ್ದೆಲ್ಲ ನನ್ನ ಬೂಟನ್ನೇ. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದರು. "ತಮ್ಮಾ, ನಮ್ ಕಾಲದಾಗೆ ಕೆಬಿಆರ್ ಕಂಪನಿ ನಾಟಕ ನೋಡಿದೋರು ನಾವು. ಹಾರ್ಮೋನಿಯಂ ಮಾಸ್ತರು ಕೈಯಾಗೆ ನುಡಿಸ್ತಿದ್ರು. ನೀನು ಕಾಲಾಗೆ ಶ್ರುತಿ ಮಾಡ್ತೀಯಲ್ಲೋ" ಅಂದರು.

ಕೆಬಿಆರ್ ಡ್ರಾಮಾ ಕಂಪನಿ ಅಂದರೆ ನಮ್ಮೂರಿನದೇ, ಚಿಂದೋಡಿ ಲೀಲಾ ಅವರ ಮನೆತನದ್ದು. ಆ ಹೆಸರು ಎತ್ತಿದರೆ ದಾವಣಗೆರೆಯಲ್ಲಿ ಎದುರು ಮಾತಾಡುವವರು ಕಮ್ಮಿ. ಆದರೂ ಕೇಳಿದೆ: "ಮಾವ, ಕಂಪನಿ ನಾಟಕದ ಕಾಲು ಹಾರ್ಮೋನಿಯಂಗೆ ಗಾಳಿ ಎಲ್ಲಿಂದ ಬರ್ತಿತ್ತು?" ಕಾಲಲ್ಲಿ ತಿದಿ ಒತ್ತಿದರೆ ತಾನೇ? ಸ್ಕೇಲ್ ಚೇಂಜರ್ ಹಾರ್ಮೋನಿಯಂ ಅಂತಲೂ ಇದೆ. ಅದರಲ್ಲಿ ಮನೆಗಳ ಸಾಲನ್ನೇ ಇಡಿಯಾಗಿ ಪಕ್ಕಕ್ಕೆ ಸರಿಸುತ್ತಾರೆ. ಬೆರಳು ಮೊದಲಿನ ಮನೆಯ ಮೇಲೇ ಇರುತ್ತದೆ, ಸ್ವರ ಮಾತ್ರ ಬೇರೆ ಬರುತ್ತದೆ. ನನ್ನ ಪೆಡಲ್ ಮಾಡುವುದೂ ಅದನ್ನೇ. ಹಾರ್ಮೋನಿಯಂ ಮಾಸ್ತರನ್ನು ಯಾರೂ ನುಡಿಸೋದು ನೀವಾ ಪೆಟ್ಟಿಗೆನಾ ಅಂತ ಕೇಳಲಿಲ್ಲ, ಅಲ್ವಾ?

ಮಾವ ಒಪ್ಪಲಿಲ್ಲ. "ಎಲ್ಲಿ, ತಂತಿ ಹಿಡ್ದು ನೋಡ್ತೀನಿ" ಅಂದರು. ದಪ್ಪ ತಂತಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿ ನೋಡಿದರು. ನಾನು ಪೆಡಲ್ ಒತ್ತಿದೆ, ಮತ್ತೆ ಒತ್ತಿ ನೋಡಿದರು. ಬಿಗಿ ಹಾಗೇ ಇತ್ತು. ಮಲಗುವವರಿಗೆ ತೊಂದರೆ ಆಗಬಾರದು ಅಂತ ಸ್ಪೀಕರ್ ತುಂಬಾ ಸಣ್ಣಗೆ ಇಟ್ಟಿದ್ದೆವು. ಅವರು ಬಗ್ಗಿ ಗಿಟಾರಿನ ಮರಕ್ಕೆ ಕಿವಿ ತಾಗಿಸಿ, ತಾವೇ ತಂತಿ ಮೀಟಿದರು. ಕಣ್ಣು ದೊಡ್ಡದಾಯಿತು. "ಎರಡು ಅದಾವಲ್ಲೋ!" ಅಂದರು.

ಹೌದು, ಎರಡು ಇದ್ದವು. ಮರದಲ್ಲಿ ಇ (E) ಸ್ವರ, ಸ್ಪೀಕರ್‌ನಲ್ಲಿ ಅದಕ್ಕಿಂತ ಹಾಫ್ ಸ್ಕೇಲ್ ಕೆಳಗಿನ ಇ ಫ್ಲಾಟ್. ಪಕ್ಕಪಕ್ಕದ ಸ್ವರಗಳು ಒಟ್ಟಿಗೆ ಬಂದರೆ ಕಿವಿಗೆ ಕೆರೆದ ಹಾಗೆ ಆಗುತ್ತದೆ. ಮೈದಾನದಲ್ಲಿ ದೊಡ್ಡ ಸ್ಪೀಕರ್ ಇದ್ದಾಗ ತಂತಿಯ ಸ್ವಂತ ಸದ್ದು ಮುಚ್ಚಿಹೋಗುತ್ತದೆ. ಸಣ್ಣ ಹಾಲ್‌ನಲ್ಲಿ, ಮನೆಯಲ್ಲಿ ಪ್ರಾಕ್ಟೀಸ್ ಮಾಡುವಾಗ, ಅದು ಕಾಡುತ್ತದೆ. ಪೆಡಲ್‌ನ ನಿಜವಾದ ತೊಂದರೆಯನ್ನು ಹಾಗೆ ಕಿವಿಯಿಂದಲೇ ಹಿಡಿದವರು ಆ ಮಾವ ಒಬ್ಬರೇ. ಅವತ್ತಿಂದ ಅವರ ಮೇಲೆ ನನಗೆ ಗೌರವ.

ಎರಡನೆಯ ಪ್ರಶ್ನೆ ಗಿಟಾರ್ ಸ್ವಲ್ಪ ಗೊತ್ತಿರುವ ಹುಡುಗರದು. "ಅಣ್ಣ, ಕೈ ಒಂದು ಫ್ರೆಟ್ ಸರಿಸಿದ್ರೆ ಆಯ್ತಲ್ಲ?" ಮೇಲೆ ಹೋಗಬೇಕಾದರೆ ಸರಿಸುತ್ತೇನೆ, ಅದಕ್ಕೆ ಯಾವ ಪೆಡಲೂ ಬೇಡ. ಕೆಳಗೆ ಹೋಗುವಾಗ ಕಷ್ಟ. ನಾಲ್ಕು ತಂತಿಯ ಬೇಸ್‌ನಲ್ಲಿ ಕೊನೆಯ ಸ್ವರವೇ ಇ. ಸೆಕೆಂಡಿಗೆ 41.2 ಸಲ ಅದುರುವ, ಅಂದರೆ 41.2 ಹರ್ಟ್ಸ್ ಸ್ವರ. ಹಾಡು ಇ ಯಲ್ಲಿದ್ದು, ಬೆರಳೊತ್ತದೆ ಬಿಟ್ಟ ಆ ಖಾಲಿ ತಂತಿಯ ಮೇಲೇ ಕಟ್ಟಿದ ಬೇಸ್ ಲೈನ್ ಇದೆ, ಅದನ್ನು ಹಾಫ್ ಸ್ಕೇಲ್ ಇಳಿಸಬೇಕು ಅಂದುಕೊಳ್ಳಿ. ಕೀಬೋರ್ಡಿನವನು ಟ್ರಾನ್ಸ್‌ಪೋಸ್ ಬಟನ್ ಒತ್ತಿ ಮೈನಸ್ ಒಂದು ಮಾಡಿಕೊಂಡು ಆರಾಮಾಗಿ ನುಡಿಸುತ್ತಾನೆ. ನನಗೆ ಬೇಕಾದ 38.9 ಹರ್ಟ್ಸ್ ನನ್ನ ಗಿಟಾರ್‌ನಲ್ಲೇ ಇಲ್ಲ. ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ ಮೇಲೆ ಹೋಗಿ ನುಡಿಸಿದರೆ ಸ್ವರ ಸರಿ ಇರುತ್ತದೆ, ಆದರೆ ಹಾಡಿನ ಬುಡವೇ ಹೋಗುತ್ತದೆ. ಕುಣಿಯುವವರ ಕಾಲಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಹಾಗಾದರೆ ಗಿಟಾರ್ ತಲೆಯಲ್ಲಿರುವ ಕೀ ತಿರುಗಿಸಿ ತಂತಿಯನ್ನೇ ಸಡಿಲ ಮಾಡು ಅಂತಾರೆ. ಮಾಡಬಹುದು, ಹಾಡು ಶುರುವಾಗುವ ಮೊದಲು. ತಂತಿಯ ಬಿಗಿ ಸ್ವರದ ಹರ್ಟ್ಸ್ ಲೆಕ್ಕದ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಬದಲಾಗುತ್ತದೆ. ಹಾಫ್ ಸ್ಕೇಲ್ ಇಳಿಸಿದರೆ ಬಿಗಿ ಸುಮಾರು ಶೇ 11 ಕಮ್ಮಿ, ಒಂದು ಸ್ಕೇಲ್ ಇಳಿಸಿದರೆ ಸುಮಾರು ಶೇ 21 ಕಮ್ಮಿ. ತಂತಿ ಫ್ರೆಟ್‌ಗೆ ಬಡಿಯಲು ಶುರುಮಾಡುತ್ತದೆ. ಕುತ್ತಿಗೆಯ ಮೇಲಿನ ಎಳೆತ ಕಮ್ಮಿಯಾಗಿ ಉಳಿದ ತಂತಿಗಳೂ ಒಂಚೂರು ಏರುತ್ತವೆ. ಒಂದು ಸರಿಮಾಡಿದರೆ ಇನ್ನೊಂದು. ಅಷ್ಟರಲ್ಲಿ ನಿರೂಪಕರ ಹತ್ತಿರ ಇದ್ದ ಜೋಕೆಲ್ಲ ಖಾಲಿ.

ಐದು ತಂತಿಯ ಬೇಸ್ ತಗೋ ಅನ್ನುವುದು ಒಳ್ಳೆಯ ಸಲಹೆ. ಅದರ ದಪ್ಪ ತಂತಿ ಬಿ ಸ್ವರದ್ದು, 30.9 ಹರ್ಟ್ಸ್‌ವರೆಗೆ ಇಳಿಯುತ್ತದೆ. ಆದರೆ ಖಾಲಿ ಇ ತಂತಿ ಬಿಟ್ಟಾಗ ಬರುವ ಗುಂಯ್ ಅನ್ನುವ ಸದ್ದು ಬೆರಳೊತ್ತಿ ನುಡಿಸಿದಾಗ ಬರುವುದಿಲ್ಲ. ಮೋಟರ್ ಇಟ್ಟು ಕೀಗಳನ್ನೇ ತಿರುಗಿಸುವ ಗಿಟಾರನ್ನು ಗಿಬ್ಸನ್ 2007ರಲ್ಲಿ ತಂದಿತ್ತು, ಹಾಡಿನ ನಡುವೆ ಅಷ್ಟು ಸಮಯ ಎಲ್ಲಿದೆ? ಪ್ರತಿ ತಂತಿಗೂ ಬೇರೆ ಬೇರೆ ಪಿಕಪ್ (ತಂತಿಯ ಅದುರನ್ನು ಹಿಡಿಯುವ ಭಾಗ) ಇಟ್ಟು, ಒಂದೊಂದು ತಂತಿಯನ್ನೂ ಬೇಕಾದ ಸ್ವರಕ್ಕೆ ತರುವ ವ್ಯವಸ್ಥೆ ರೋಲ್ಯಾಂಡ್ ಕಂಪನಿಯದ್ದು, ಅದರದೇ ಬಾಸ್ (Boss) ಬ್ರ್ಯಾಂಡಿನದ್ದು ಇದೆ. ಚೆನ್ನಾಗಿದೆ. ಗಣಪತಿ ಪೆಂಡಾಲಿನ ದುಡ್ಡಲ್ಲಿ ಅದು ಆಗುವ ಮಾತಲ್ಲ.

ಈಗ ಪೆಡಲ್ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಮಷೀನೇ ನುಡಿಸುತ್ತೆ ಅನ್ನುವವರು ಇದನ್ನು ಓದಲೇಬೇಕು. ನಾನು ಮೀಟಿದ ಸದ್ದನ್ನು ಪೆಡಲ್ ಬರೆದುಕೊಳ್ಳುತ್ತದೆ, ಬರೆದುಕೊಂಡಿದ್ದನ್ನು ನಿಧಾನವಾಗಿ ಓದುತ್ತದೆ. ಹಾಫ್ ಸ್ಕೇಲ್ ಇಳಿಸಬೇಕಾದರೆ ಸುಮಾರು ಶೇ 5.6 ನಿಧಾನ. ಹೀಗೇ ಬಿಟ್ಟರೆ ಒಂದು ಸೆಕೆಂಡಿನಲ್ಲೇ 56 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ಅದಕ್ಕೆ ಆಗಾಗ ಮುಂದಕ್ಕೆ ಹಾರಿ ನನ್ನನ್ನು ಹಿಡಿಯಬೇಕು. ಹಾರುವಾಗ ಅಲೆಯ ಒಂದು ತುದಿ ಇನ್ನೊಂದಕ್ಕೆ ಸರಿಯಾಗಿ ಕೂಡಬೇಕು, ಇಲ್ಲದಿದ್ದರೆ ಸ್ವರ ನಡುಗುತ್ತದೆ. ಲೀಡ್ ಗಿಟಾರ್‌ನ ಸಣ್ಣ ತಂತಿಯ ಅಲೆ ಚಿಕ್ಕದು, ಕೂಡಿಸುವುದು ಸುಲಭ. ಬೇಸ್‌ನ ಇ ತಂತಿಯ ಒಂದು ಅಲೆ ಮುಗಿಯಲು 24 ಮಿಲಿಸೆಕೆಂಡ್ ಬೇಕು. ಒಂದು ಅಲೆಯಾದರೂ ಪೂರ್ತಿ ಕಾಣದೆ ಕತ್ತರಿಸಿ ಜೋಡಿಸುವುದು ಹೇಗೆ? ಅದಕ್ಕೇ ಬೇಸ್‌ನಲ್ಲಿ ಸದ್ದು ಸ್ವಲ್ಪ ತಡವಾಗುತ್ತದೆ, ಇಲ್ಲವೇ ಸ್ವಲ್ಪ ನಡುಗುತ್ತದೆ.

ಆ ತಡವನ್ನು ಸರಿದೂಗಿಸುವುದು ಯಾರು? ನಾನು. ಪೆಡಲ್ ಒತ್ತಿದ ಕ್ಷಣದಿಂದ ಡ್ರಮ್‌ನ ಕಿಕ್‌ಗಿಂತ ಕೂದಲೆಳೆಯಷ್ಟು ಮೊದಲೇ ತಂತಿ ಮೀಟಬೇಕು. ಗಾಳಿಯಲ್ಲಿ ಸದ್ದು 10 ಮಿಲಿಸೆಕೆಂಡಿನಲ್ಲಿ ಸುಮಾರು 3.4 ಮೀಟರ್ ಹೋಗುತ್ತದೆ. ಹಾಗಾಗಿ ಪೆಡಲ್ ಅಷ್ಟು ತಡ ಮಾಡಿದರೆ ಡ್ರಮ್ಮರ್‌ಗೆ ನಾನು ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತು ನುಡಿಸಿದ ಹಾಗೆ ಕೇಳುತ್ತದೆ. ಅದನ್ನು ಬೆರಳಿನಲ್ಲಿ ತುಂಬಿಕೊಡಬೇಕು. ಜೊತೆಗೆ ಸ್ಲೈಡ್ ಕಮ್ಮಿ ಮಾಡುತ್ತೇನೆ, ಎರಡು ತಂತಿ ಒಟ್ಟಿಗೆ ಮೀಟುವುದಿಲ್ಲ, ಸ್ವರವನ್ನು ಗಿಡ್ಡವಾಗಿ ಕತ್ತರಿಸುತ್ತೇನೆ. ಮಷೀನ್ ಇದ್ದಾಗ ಕೆಲಸ ಕಮ್ಮಿ ಆಗುವುದಿಲ್ಲ ಸ್ವಾಮಿ, ಜಾಸ್ತಿ ಆಗುತ್ತದೆ.

ಇಷ್ಟೆಲ್ಲ ಕೇಳುವವರು ಒಂದು ಮಾತು ಮಾತ್ರ ಕೇಳುವುದಿಲ್ಲ. ಯಾರಿಗೋಸ್ಕರ ಇಳಿಸಿದೆ?

ಗಣಪತಿ ಸೀಸನ್‌ನಲ್ಲಿ ನಮ್ಮ ಗಾಯಕಿ ಇವತ್ತು ವಿನೋಬನಗರ, ನಾಳೆ ಹರಿಹರ, ನಾಳಿದ್ದು ಚಿತ್ರದುರ್ಗ ಅಂತ ಓಡಾಡುತ್ತಾರೆ. ಮೈದಾನದ ಧೂಳು, ಪಟಾಕಿ ಹೊಗೆ, ಮಧ್ಯರಾತ್ರಿ ಟೆಂಪೋದ ಗಾಳಿ. ಸ್ಟುಡಿಯೋದಲ್ಲಾದರೆ ಒಂದು ಹಾಡನ್ನು ತುಂಡು ತುಂಡಾಗಿ ಹಾಡಿ ಜೋಡಿಸಬಹುದು. ಇಲ್ಲಿ ಒಂದು ಮುಗಿಯುವ ಮೊದಲೇ ಮುಂದಿನದರ ಮ್ಯೂಸಿಕ್ ಶುರು. ಹಾಡಿನ ತುದಿಯ ಸ್ವರ ಮೇಲಿನ ಇ ಆಗಿದ್ದರೆ ಅವರ ಗಂಟಲಿನ ಪೊರೆಗಳು ಸೆಕೆಂಡಿಗೆ 659 ಸಲ ಬಡಿದುಕೊಳ್ಳಬೇಕು. ಹಾಫ್ ಸ್ಕೇಲ್ ಇಳಿಸಿದರೆ 622. ಕಾಗದದ ಮೇಲೆ ಸಣ್ಣ ವ್ಯತ್ಯಾಸ. ಕಟ್ಟಿದ ಗಂಟಲಿಗೆ ಅದೇ ದೊಡ್ಡದು. ಆ ಸ್ವರ ಒಡೆಯುವುದು, ಒಡೆಯದೆ ನಿಲ್ಲುವುದು ಅಷ್ಟರಲ್ಲೇ ಇರುತ್ತದೆ.

ಅವರು ಮೈಕ್ ಹಿಡಿದ ಕೈಯ ತೋರುಬೆರಳನ್ನು ಕೆಳಗೆ ಮಾಡಿ ತೋರಿಸುತ್ತಾರೆ. ಜನಕ್ಕೆ ಕಾಣುವುದಿಲ್ಲ, ನಮಗೆ ಕಾಣುತ್ತದೆ. ಚರಣ ಮುಗಿದು ಮ್ಯೂಸಿಕ್ ಬರುವ ಜಾಗದಲ್ಲಿ ಕೀಬೋರ್ಡಿನವನು ಬಟನ್ ಒತ್ತುತ್ತಾನೆ, ಲೀಡ್ ಗಿಟಾರಿನವನು ಕೈ ಸರಿಸುತ್ತಾನೆ, ನಾನು ಪೆಡಲ್ ಒತ್ತುತ್ತೇನೆ. ಪೆಡಲ್ ಇಟ್ಟುಕೊಂಡಿದ್ದೇ ಈ ಒಂದು ಬೆರಳಿಗಾಗಿ. ಮೊದಲೇ ಗೊತ್ತಿದ್ದರೆ ಪೆಡಲ್ ಮುಟ್ಟುವುದೂ ಇಲ್ಲ. ಮಧ್ಯಾಹ್ನ ಸೌಂಡ್ ಚೆಕ್ ಆದಮೇಲೆ ಗಾಯಕರ ಜೊತೆ ಕೂತು ಪಟ್ಟಿಯಲ್ಲಿ ಹಾಡಿನ ಪಕ್ಕ −1, −2 ಅಂತ ಬರೆದುಕೊಳ್ಳುತ್ತೇವೆ. ಇಳಿಸುವ ಹಾಡುಗಳನ್ನೆಲ್ಲ ಒಂದು ಕಡೆ ಹಾಕಿ, ಅಷ್ಟು ಹೊತ್ತು ತಂತಿಯನ್ನೇ ಇಳಿಸಿ ನುಡಿಸುತ್ತೇನೆ. ಸದ್ದು ಹಾಗೇ ಚೆಂದ. ಗಂಟಲು ಮಾತ್ರ ಪಟ್ಟಿ ನೋಡಿಕೊಂಡು ಕೈ ಕೊಡುವುದಿಲ್ಲ.

ಹೊಸದಾಗಿ ಬೇಸ್ ಹಿಡಿದ ಹುಡುಗರು ಯಾವ ಪೆಡಲ್ ತಗೊಳ್ಳಲಿ ಅಂತ ಕೇಳುತ್ತಾರೆ. ನಿಮ್ಮ ತಂಡದಲ್ಲಿ ಹಾಡುವವರ ಸ್ಕೇಲ್ ಯಾವುದು ಅಂತ ತಿಳಿದುಕೊಂಡು ಬನ್ನಿ, ಆಮೇಲೆ ಕಂಪನಿ ಹೆಸರು ಹೇಳುತ್ತೇನೆ. ಎಷ್ಟೋ ಜನರಿಗೆ ಅದೇ ಗೊತ್ತಿರುವುದಿಲ್ಲ.

ಸಂಘಟಕರಿಗೂ ಒಂದು ಮಾತು. ಮುಂದಿನ ಸಾಲಿನಿಂದ "ಒರಿಜಿನಲ್ ಸ್ಕೇಲಲ್ಲೇ ಹಾಡಿಸಿ" ಅಂತ ಚೀಟಿ ಕಳಿಸಬೇಡಿ. ಕಳಿಸಿದರೂ ನಾನು ಆ ಪೆಡಲ್ ಮೇಲಿಂದ ಕಾಲು ತೆಗೆಯುವುದಿಲ್ಲ.