ಕೇಳಿಸಿಕೊಳ್ಳುವ ಅಮ್ಮ

ನೂಲ ಹುಣ್ಣಿಮೆಯ ದಿನ ಕಡಲಿಗೆ ಹಾಲೆರೆಯುವಾಗ ನಾವು ಮಕ್ಕಳು ಕಿರುಚಿ ಕಿರುಚಿ ವರ ಬೇಡುತ್ತಿದ್ದೆವು. "ಕೂಗಬೇಡಿ ಮಕ್ಕಳೇ, ಮೆಲ್ಲಗೆ ಹೇಳಿದರೂ ಅಮ್ಮನಿಗೆ ಕೇಳ್ತದೆ" ಎನ್ನುತ್ತಿದ್ದಳು ಅಜ್ಜಿ. ಅಮ್ಮ ಎಂದರೆ ಕಡಲೋ, ದೇವಿಯೋ, ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಮಾತು ಮತ್ತೆ ಕಿವಿಗೆ ಬಿದ್ದದ್ದು ಮೊನ್ನೆ, ವಿಯೆಟ್ನಾಮಿನ ಡಾ ನಾಂಗ್‌ನಲ್ಲಿ.

ಸೋನ್ ತ್ರಾ ಗುಡ್ಡದ ಮಗ್ಗುಲಲ್ಲಿ ಲಿನ್ ಉಂಗ್ ದೇವಾಲಯ. ಅದರ ಅಂಗಳದಂಚಿನಲ್ಲಿ, ಗುಡ್ಡಕ್ಕೆ ಬೆನ್ನು ಕೊಟ್ಟು ಕಡಲಿನತ್ತ ಮುಖ ಮಾಡಿ, 67 ಮೀಟರ್ ಎತ್ತರದ ಬಿಳಿಯ ತಾಯಿ ನಿಂತಿದ್ದಾಳೆ. ಕಾಲಡಿಯ ಕಮಲವೇ 35 ಮೀಟರ್ ಅಗಲ. ಒಂದು ಕೈಯಲ್ಲಿ ಅಮೃತದ ಕುಡಿಕೆ, ಇನ್ನೊಂದು ಕೈಯಲ್ಲಿ ಅಭಯ, ಕಿರೀಟದಲ್ಲೊಬ್ಬ ಪುಟ್ಟ ಬುದ್ಧ. ಪುಟ್ಟ ಎಂದೆ, ಅವನೂ ಆಳೆತ್ತರವಿದ್ದಾನಂತೆ. 2010ರಲ್ಲಿ ಪೂರ್ತಿಯಾದ ಮೂರ್ತಿ. ಹೊಸದಲ್ಲವೇ, ಭಕ್ತಿ ಹುಟ್ಟೀತೇ ಎಂಬ ಅನುಮಾನ ಇಟ್ಟುಕೊಂಡೇ ಹೋಗಿದ್ದೆ.

ಅಲ್ಲಿಯವರು ಅವಳನ್ನು ಕ್ವಾನ್ ಥೇ ಆಮ್ ಎನ್ನುತ್ತಾರೆ. ಲೋಕದ ದನಿಗೆ ಕಿವಿಗೊಡುವವಳು ಎಂದು ಅರ್ಥ. ಅರ್ಥ ತಿಳಿದ ಗಳಿಗೆಯಲ್ಲಿ ಮೈ ಜುಂ ಎಂದಿತು. ನೋಡುವ ದೇವರು, ಕೊಡುವ ದೇವರು, ಶಿಕ್ಷಿಸುವ ದೇವರು ನಮಗೆ ಗೊತ್ತು. ಕೇಳಿಸಿಕೊಳ್ಳುವುದನ್ನೇ ಹೆಸರಾಗಿಸಿಕೊಂಡ ದೇವರು ಎಷ್ಟು ಮಂದಿ?

ಅಜ್ಜಿಯದೂ ಅದೇ ಕೆಲಸವಾಗಿತ್ತು. ಚಿಕ್ಕಪ್ಪನ ಬೋಟು ಮರಳುವ ಹೊತ್ತಿಗೆ ಅವಳು ತೀರಕ್ಕೆ ಹೋಗಿ ನಿಲ್ಲುವಳು. ಕಣ್ಣಿಗೆ ಪೊರೆ ಬಂದಿತ್ತು. ಹಾಗಾಗಿ ಕಣ್ಣು ಮುಚ್ಚಿಯೇ ನಿಲ್ಲುವಳು, ಸೆರಗನ್ನು ಕಿವಿಯಿಂದ ಹಿಂದಕ್ಕೆ ಸರಿಸಿ. ನಮಗೆ ಬರೀ ಅಲೆಯ ಮೊರೆತ. ಅವಳಿಗೆ ಆ ಮೊರೆತದೊಳಗಿಂದ ಒಂದೊಂದು ಇಂಜಿನಿನ ಸದ್ದು ಬೇರೆಯಾಗಿ ಕೇಳುತ್ತಿತ್ತು. "ಇದು ನಮ್ಮದಲ್ಲ", "ಇದೂ ಅಲ್ಲ" ಎನ್ನುತ್ತ ಎಣಿಸುವಳು. ಕೊನೆಗೊಮ್ಮೆ, ದಿಗಂತದಲ್ಲಿ ಇನ್ನೂ ಚುಕ್ಕೆಯೂ ಕಾಣದಿರುವಾಗ, "ಬಂದ. ಗಂಜಿಗೆ ನೀರಿಡಿ" ಎಂದು ತಿರುಗಿ ಮನೆಯತ್ತ ನಡೆಯುವಳು. ತಪ್ಪಿದ್ದು ನನಗೆ ನೆನಪಿಲ್ಲ. ತೂಫಾನಿನ ಒಂದು ರಾತ್ರಿ ಮಾತ್ರ ಬೆಳಗಿನವರೆಗೆ ಹಾಗೇ ನಿಂತಿದ್ದಳು, ಮಳೆಯಲ್ಲಿ, ಕೊಡೆಯ ಸದ್ದು ಅಡ್ಡ ಬರುತ್ತದೆಂದು ಕೊಡೆಯನ್ನೂ ಬಿಡಿಸದೆ.

ಈ ಕ್ವಾನ್ ಥೇ ಆಮ್ ಬೇರೆ ಯಾರೂ ಅಲ್ಲ, ಬೌದ್ಧರ ಕರುಣೆಯ ಬೋಧಿಸತ್ವ, ನಮ್ಮ ಅವಲೋಕಿತೇಶ್ವರನೇ. ಮೂಡಣ ದೇಶಗಳಿಗೆ ಹೋದವನು ಅಲ್ಲಿ ತಾಯಿಯಾದ. ಮಂಗಳೂರಿನ ಕದ್ರಿಯಲ್ಲಿ ಮಂಜುನಾಥನಿಗೆ ಕೈಮುಗಿದು ಬರುವಾಗ ನಾವು ನೋಡಿಯೂ ನೋಡದಂತೆ ದಾಟುವ, ಮೂರು ಮುಖ ಆರು ಕೈಗಳ ಕಂಚಿನ ಲೋಕೇಶ್ವರನೂ ಅವನೇ. ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮ ಕದರಿಕಾ ವಿಹಾರದಲ್ಲಿ ಅವನನ್ನು ನಿಲ್ಲಿಸಿದನೆಂದು ಪೀಠದ ಶಾಸನವಿದೆ. ದೊರೆ ಶಿವಭಕ್ತ! ಅವನಿಗೆ ಅದು ಅಡ್ಡಿಯಾಗಲಿಲ್ಲ. ನನಗೇಕೆ ಆಗಬೇಕು? ಕಡಲಲ್ಲಿ ಬಿರುಗಾಳಿಗೆ ಸಿಕ್ಕವರು ಅವಲೋಕಿತೇಶ್ವರನ ಹೆಸರು ಕೂಗಿದರೆ ಪಾರಾಗುತ್ತಾರೆಂದು ಬೌದ್ಧರ ಸದ್ಧರ್ಮ ಪುಂಡರೀಕ ಸೂತ್ರವೇ ಹೇಳುತ್ತದೆ.

ಸೋನ್ ತ್ರಾದ ಆ ತೀರದ ಹೆಸರು ಬಾಯ್ ಬುತ್, ಅಂದರೆ ಬುದ್ಧನ ತೀರ. ಹಿಂದೊಮ್ಮೆ ಬುದ್ಧನ ವಿಗ್ರಹವೊಂದು ತೇಲಿಬಂದು ಇಲ್ಲಿ ದಡ ಸೇರಿತಂತೆ, ಬೆಸ್ತರು ಗುಡಿ ಕಟ್ಟಿದರಂತೆ. ಗೋಪೀಚಂದನದ ಗಡ್ಡೆಯೊಳಗೆ ಕೃಷ್ಣ ಮಲ್ಪೆಗೆ ಬಂದ ಕಥೆ ಕೇಳಿ ಬೆಳೆದವರಿಗೆ ಇದನ್ನು ನಂಬಲು ಕಷ್ಟವೇನು?

ಒಂದು ಬೇಸರವನ್ನೂ ಹೇಳಿಬಿಡುತ್ತೇನೆ. ತಾಯಿಯ ಮುಂದೆ ಬಂದವರಲ್ಲಿ ಹೆಚ್ಚಿನವರು ಅವಳಿಗೆ ಬೆನ್ನು ಹಾಕಿ ನಿಂತಿದ್ದರು, ಸೆಲ್ಫಿಗಾಗಿ. ಅವರನ್ನು ಅಂದು ಫಲವಿಲ್ಲ. ನಮ್ಮಲ್ಲೇ ಈಗ ಸಮುದ್ರಪೂಜೆಗೆ ಬಂದವರು ಹಾಲೆರೆದು ಪ್ಯಾಕೆಟ್ಟನ್ನೂ ಅಲೆಗೇ ಎಸೆಯುತ್ತಾರೆ. ಅಜ್ಜಿ ಹಾಲು ತರುತ್ತಿದ್ದ ಕಂಚಿನ ಗಿಂಡಿ ನಮ್ಮ ಮನೆಯ ಅಟ್ಟದಲ್ಲಿದೆ. ಇಳಿಸಿ ಎಷ್ಟು ವರ್ಷವಾಯಿತೋ! ಬೈಯುತ್ತಿರುವುದು ನನ್ನನ್ನೂ ಸೇರಿಸಿಯೇ.

ಗದ್ದಲದಿಂದ ತುಸು ದೂರದಲ್ಲಿ ಒಬ್ಬ ಮುದುಕಿ ಊದುಬತ್ತಿಗಳನ್ನು ಹಣೆಗೊತ್ತಿಕೊಂಡು ಏನೋ ಹೇಳುತ್ತಿದ್ದಳು. ಅದರಲ್ಲಿ ಒಂದು ಪದ ಮಾತ್ರ ಸಿಕ್ಕಿತು: "ನಾಮ್ ಮೋ." ನಮೋ! ಹೂಜಿಯ ನೀರಿನಂತೆ ತಣ್ಣಗಾಯಿತು ಎದೆ. ಅವಳ ಪಕ್ಕದಲ್ಲೇ ಹೋಗಿ ನಿಂತೆ. ಏನು ಬೇಡಬೇಕೆಂದು ಹೊಳೆಯಲಿಲ್ಲ. ಅಜ್ಜಿಯ ಹೆಸರು ಹೇಳಿದೆ, ಮೆಲ್ಲಗೆ.

ಕೆಳಗೆ ಕಡಲಲ್ಲಿ ಬೋಟುಗಳು ಮರಳುತ್ತಿದ್ದವು, ನಮ್ಮ ಹರಿಗೋಲಿನಂಥ ದುಂಡು ಬುಟ್ಟಿದೋಣಿಗಳು ದಡದಲ್ಲಿ ಬೋರಲಾಗಿದ್ದವು. ಕಣ್ಣು ಮುಚ್ಚಿ ಕಿವಿಗೊಟ್ಟೆ. ಮೊದಲು ಬರೀ ಮೊರೆತ. ಆಮೇಲೆ ಎಲ್ಲೋ ಒಂದು ಇಂಜಿನು. ಇನ್ನೊಂದು. ಯಾರದೆಂದು ನನಗೆ ತಿಳಿಯಲಿಲ್ಲ. ಮುದುಕಿ ಮಾತ್ರ ಊದುಬತ್ತಿ ಸಿಕ್ಕಿಸಿ, ಕೈ ಒರೆಸಿಕೊಂಡು, ಸರಸರನೆ ಮೆಟ್ಟಿಲಿಳಿದು ಹೋದಳು.